ಜಿಬಿಎ ಎಸ್‌ಪಿಗೆ ಯಾವ ಫ್ಲ್ಯಾಶ್ ಕಾರ್ಟ್ ತಗೊಳ್ಳಲಿ? ನಾನೇ ಬರೆದ ಚೌಕಾಬಾರ ಓಡಿಸಬೇಕು

ಪಿಕ್ಸೆಲ್‌ಪುಟ್ಟ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಚಿಕ್ಕಪ್ಪನ ಮಗ ಅಮೆರಿಕದಿಂದ ಬಂದಾಗ ತನ್ನ ಹಳೆಯ ನಿಂಟೆಂಡೊ ಕೈಹಿಡಿ ಗೇಮ್ ಕನ್ಸೋಲ್, ಗೇಮ್ ಬಾಯ್ ಅಡ್ವಾನ್ಸ್ (ಜಿಬಿಎ) ಎಸ್‌ಪಿಯನ್ನು ನನಗೆ ಕೊಟ್ಟು ಹೋದ. ಚಾರ್ಜರ್ ಇದೆ, ಆಟದ ಕಾರ್ಟ್ ಒಂದೂ ಇಲ್ಲ. ನನಗೆ ಬೇಕಾಗಿಯೂ ಇಲ್ಲ ಅನ್ನಿ. ನಾಲ್ಕು ತಿಂಗಳಿಂದ ಜಿಬಿಎ ಆಟ ಬರೆಯಲು ಇರುವ ಬ್ಯುಟಾನೋ ಲೈಬ್ರರಿ ಹಿಡಿದುಕೊಂಡು ಚೌಕಾಬಾರ ಬರೆಯುತ್ತಿದ್ದೇನೆ. ಐದು ಮನೆ ಉದ್ದ, ಐದು ಮನೆ ಅಗಲ, ನಾಲ್ಕು ಕವಡೆ, ಮಾಮೂಲಿ ಆಟ. ಲ್ಯಾಪ್‌ಟಾಪ್‌ನಲ್ಲಿ ಎಂಜಿಬಿಎ ಎಮ್ಯುಲೇಟರ್ (ಜಿಬಿಎಯನ್ನು ಅನುಕರಿಸುವ ತಂತ್ರಾಂಶ) ಮೇಲೆ ಚೆನ್ನಾಗಿ ಓಡುತ್ತದೆ. ನಂಜನಗೂಡಿನಲ್ಲಿರುವ ನಮ್ಮ ಅಜ್ಜಿಯ ಕೈಗೆ ಎಸ್‌ಪಿ ಕೊಟ್ಟು ಆಡಿಸಬೇಕು ಅಂತ ಆಸೆ. ಆಯಮ್ಮ ಚೌಕಾಬಾರದಲ್ಲಿ ಯಾರಿಗೂ ಬಿಟ್ಟುಕೊಡುವವರಲ್ಲ.

ಈಗ ಪ್ರಶ್ನೆ. ನಮ್ಮದೇ ಫೈಲ್ ತುಂಬಿ ಓಡಿಸಬಹುದಾದ ಫ್ಲ್ಯಾಶ್ ಕಾರ್ಟ್ ಬೇಕು. ಎವರ್‌ಡ್ರೈವ್ ಜಿಬಿಎ ಮಿನಿ ತಗೊಳ್ಳಲಾ, ಈಝಡ್-ಫ್ಲ್ಯಾಶ್ ಒಮೆಗಾ ಡೆಫಿನಿಟಿವ್ ಎಡಿಷನ್ ತಗೊಳ್ಳಲಾ? ಹಳೆ ಸಾಮಾನು ಮಾರುವ ಒಬ್ಬರು ಆರ್4 ಕಾರ್ಡ್ ಇದೆ, ಎಲ್ಲಕ್ಕೂ ಆಗುತ್ತೆ, ತುಂಬಾ ಕಮ್ಮಿ ಬೆಲೆ ಅಂತ ಹೇಳುತ್ತಿದ್ದಾರೆ. ಅದೇ ಸಾಕಾಗುತ್ತಾ?

ಮಿತಮಾತು (ಮೇಲ್ವಿಚಾರಕ)

ಆರ್4 ಬೇಡ. ಅದು ನಿಂಟೆಂಡೊದ ಇನ್ನೊಂದು ಕನ್ಸೋಲ್ ಡಿಎಸ್‌ನದ್ದು. ಎಸ್‌ಪಿಯ ತೂತಿಗೆ ಕೂರುವುದೇ ಇಲ್ಲ.

ಉಳಿದವರಿಗೆ ಮೊದಲೇ ಹೇಳಿಬಿಡುತ್ತೇನೆ: ಅಂಗಡಿ ಆಟಗಳ ರಾಮ್ (ಆಟದ ಫೈಲ್) ಎಲ್ಲಿ ಸಿಗುತ್ತೆ ಅಂತ ಇಲ್ಲಿ ಕೇಳಿದರೂ ಅಳಿಸುತ್ತೇನೆ, ಹೇಳಿದರೂ ಅಳಿಸುತ್ತೇನೆ. ನೀವೇ ಬರೆದದ್ದು, ಬರೆದವರೇ ಹಂಚಿದ್ದು, ಎಷ್ಟು ಬೇಕಾದರೂ ಮಾತಾಡಿ.

ಹಳೇಬೇರು

ಪುಟ್ಟ ಅವರೇ, ಮೊದಲು ಎಸ್‌ಪಿಯನ್ನು ತಿರುಗಿಸಿ ಹಿಂದಿನ ಚೀಟಿ ನೋಡಿ. ಎಜಿಎಸ್-001 ಅಂತಿದೆಯೋ, 101 ಅಂತಿದೆಯೋ? 001 ಬಂದದ್ದು 2003ರಲ್ಲಿ. ಅದರಲ್ಲಿ ಬೆಳಕು ಪರದೆಯ ಮುಂದಿನಿಂದ ಬೀಳುತ್ತೆ, ಸ್ವಲ್ಪ ಮಂಕು. 101ರಲ್ಲಿ ಹಿಂದಿನಿಂದ ಬರುತ್ತೆ, ಕಣ್ಣಿಗೆ ಹಿತ. ಚೀಟಿ ಹರಿದಿದ್ದರೆ ಬೆಳಕಿನ ಬಟನ್ ಒತ್ತಿ. ಪೂರ್ತಿ ಆರಿದರೆ 001, ಆರದೆ ಜಾಸ್ತಿ ಕಮ್ಮಿ ಮಾತ್ರ ಆದರೆ 101. ಇದನ್ನು ಯಾಕೆ ಹೇಳಿದೆ ಅಂದರೆ ಆಡುವವರು ಅಜ್ಜಿ. ಕಾರ್ಟ್‌ಗಿಂತ ಪರದೆಯೇ ಅವರಿಗೆ ಮುಖ್ಯವಾಗುತ್ತೆ.

ಇನ್ನು ಕಾರ್ಟ್ ವಿಷಯ. ನೀವು ಹುಡುಕಿದಲ್ಲೆಲ್ಲ ಇರುವ ಹೋಲಿಕೆ ಒಂದೇ: ಯಾವ ಕಾರ್ಟ್‌ನಲ್ಲಿ ಯಾವ ಅಂಗಡಿ ಆಟ ಓಡುತ್ತೆ, ಯಾವುದು ನಡುವೆ ನಿಲ್ಲುತ್ತೆ. ಆ ಪಟ್ಟಿ ನಿಮಗೆ ಕವಡೆ ಕಿಮ್ಮತ್ತಿಗೂ ಇಲ್ಲ. ಆಟ ನಿಮ್ಮದೇ, ತಪ್ಪಿದ್ದರೆ ನೀವೇ ತಿದ್ದುತ್ತೀರಿ. ನಿಮಗೆ ಬೇಕಾದದ್ದು ಮೂರೇ. ಹೊಸ ಫೈಲ್ ಬೇಗ ಹಾಕಿ ನೋಡುವುದಕ್ಕೆ ಆಗಬೇಕು. ಉಳಿಸಿದ ಆಟ ಕಳೆದುಹೋಗಬಾರದು. ಆಡುವವರಿಗೆ ಗೊಂದಲ ಆಗಬಾರದು.

ಒಮೆಗಾ ಡಿಇ (ಡೆಫಿನಿಟಿವ್ ಎಡಿಷನ್), ಎವರ್‌ಡ್ರೈವ್ ಮಿನಿ ಎರಡೂ ಮೊದಲ ಎರಡಕ್ಕೆ ಸರಿ. ಎರಡರಲ್ಲೂ ಮೈಕ್ರೋ ಎಸ್‌ಡಿ ಕಾರ್ಡ್ ಹಾಕಿ ಮೆನ್ಯುವಿನಿಂದ ಆರಿಸುವುದು. ಡಿಇಯಲ್ಲಿ ಸೇವ್ ಕೂರುವುದು ಕರೆಂಟ್ ಇಲ್ಲದಿದ್ದರೂ ಮರೆಯದ ಎಫ್‌ರ್ಯಾಮ್ ಚಿಪ್‌ನಲ್ಲಿ. ಹಾಗಾಗಿ ಒಳಗಿನ ಸೆಲ್ ಸತ್ತರೂ ಸೇವ್ ಸಾಯಲ್ಲ, ಸೆಲ್ ಗಡಿಯಾರಕ್ಕೆ ಮಾತ್ರ. ಎವರ್‌ಡ್ರೈವ್ ದುಬಾರಿ, ಆದರೆ ಗಟ್ಟಿಮುಟ್ಟು, ಮೆನ್ಯು ಸರಳ. ಅದನ್ನು ಮಾಡುವವರು ಉಕ್ರೇನಿನ ಕ್ರಿಕ್ಸ್, ವರ್ಷಗಟ್ಟಲೆ ಇದೇ ಕೆಲಸ ಮಾಡಿಕೊಂಡು ಬಂದಿದ್ದಾರೆ.

ಆದರೆ ಮೂರನೆಯದಕ್ಕೆ ಎರಡೂ ಸರಿಯಿಲ್ಲ ಅಂತ ನನ್ನ ಅನಿಸಿಕೆ. ಅಜ್ಜಿ ಆನ್ ಮಾಡಿದರೆ ಇಂಗ್ಲಿಷ್‌ನಲ್ಲಿ ಫೈಲ್ ಪಟ್ಟಿ ಬರುತ್ತೆ. ಅದರಲ್ಲಿ ಕೆಳಗೆ ಹೋಗಿ, ಆರಿಸಿ, ಎ ಒತ್ತಿ... ಎರಡನೇ ದಿನವೇ ಫೋನ್ ಬರುತ್ತೆ ನಿಮಗೆ.

ಅದಕ್ಕೇ ಕೇಳುತ್ತೇನೆ. ನಿಮಗೆ ಈಗಲೇ ಕಾರ್ಟ್ ಬೇಕಾ?

ಪಿಕ್ಸೆಲ್‌ಪುಟ್ಟ

001 ಸಾರ್. ಬಟನ್ ಒತ್ತಿದರೆ ಪೂರ್ತಿ ಆರುತ್ತೆ.

ಈಗಲೇ ಬೇಕಾ ಅಂದರೆ? ಕಾರ್ಟ್ ಇಲ್ಲದೆ ಎಸ್‌ಪಿ ಮೇಲೆ ಹೇಗೆ ಓಡಿಸೋದು?

ಬೆಸುಗೆಕಡ್ಡಿ

ಅದಕ್ಕ ನಾನದೀನ್ರಿ.

ಎಸ್‌ಪಿಯೊಳಗೆ ಏನೂ ಹಾಕದೆ ಆನ್ ಮಾಡಿ. ಲೋಗೋ ಬಂದ ಮೇಲೆ ಅದು ಸುಮ್ನೆ ಕಾಯುತ್ತಾ ಕೂತಿರುತ್ತೆ. ಏನಕ್ಕೆ? ಎರಡು ಜಿಬಿಎ ಕೂಡಿಸುವ ಲಿಂಕ್ ಕೇಬಲ್‌ನಲ್ಲಿ ಯಾರಾದರೂ ಪ್ರೋಗ್ರಾಂ ಕಳಿಸುತ್ತಾರಾ ಅಂತ. ಇದಕ್ಕೆ ಮಲ್ಟಿಬೂಟ್ ಅನ್ನುತ್ತಾರೆ. ಒಂದೇ ಕಾರ್ಟ್ ಇಟ್ಟುಕೊಂಡು ನಾಲ್ಕು ಜನ ಆಡಲಿ ಅಂತ ನಿಂಟೆಂಡೊದವರೇ ಇಟ್ಟ ದಾರಿ. ಕಾರ್ಟ್ ಒಳಗಿದ್ದರೂ ಸ್ಟಾರ್ಟ್, ಸೆಲೆಕ್ಟ್ ಎರಡೂ ಒತ್ತಿ ಹಿಡಿದು ಆನ್ ಮಾಡಿದರೆ ಅದೇ ಕಡೆ ಹೋಗುತ್ತೆ.

ನನ್ನ ಮೇಜಿನ ಮೇಲಿರೋದು ಇಷ್ಟು: ಒಂದು ರಾಸ್ಪ್‌ಬೆರಿ ಪೈ ಪಿಕೊ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್), ನಡುವೆ ಕತ್ತರಿಸಿದ ಒಂದು ಜಿಬಿಎ ಲಿಂಕ್ ಕೇಬಲ್. ಪಿಕೊ ಯುಎಸ್‌ಬಿಯಿಂದ ಫೈಲ್ ತಗೊಂಡು ಕೇಬಲ್‌ಗೆ ದಾಟಿಸುತ್ತೆ. ನಾಲ್ಕು ತಂತಿ ಸಾಕು. ಡೇಟಾ ಹೋಗೋದು, ಡೇಟಾ ಬರೋದು, ಕ್ಲಾಕ್, ಗ್ರೌಂಡ್. ಕೋಡ್ ತಿದ್ದಿ ಬಿಲ್ಡ್ ಮಾಡಿ (ಓಡುವ ಫೈಲ್ ತಯಾರಿಸಿ) ಎಸ್‌ಪಿ ಮೇಲೆ ನೋಡೋಕೆ ಚಹಾ ಆರೋದ್ರೊಳಗೆ ಮುಗಿಯುತ್ತೆ. ಎಸ್‌ಡಿ ಕಾರ್ಡ್ ತೆಗೆಯೋದು, ಲ್ಯಾಪ್‌ಟಾಪ್‌ಗೆ ಹಾಕೋದು, ಮತ್ತೆ ಕಾರ್ಟ್‌ಗೆ ಹಾಕೋದು, ಆ ತಾಪತ್ರಯವೇ ಇಲ್ಲ.

ಮೂರು ಎಚ್ಚರಿಕೆ ಅದಾವ. ಜಿಬಿಎ ಕ್ರಮದಲ್ಲಿ ಈ ಪೋರ್ಟ್ 3.3 ವೋಲ್ಟ್. ಪಿಕೊ ಕೂಡ 3.3, ಹಾಗಾಗಿ ನೇರ ಕೂಡಿಸಬಹುದು. 5 ವೋಲ್ಟಿನ ಆರ್ಡುಯಿನೊ ಊನೊ ತಂದು ಹಾಗೇ ಚುಚ್ಚಬೇಡಿ. ಕೇಬಲ್‌ನ ಪವರ್ ತಂತಿ ಮುಟ್ಟಬೇಡಿ, ಕತ್ತರಿಸಿ ಟೇಪ್ ಸುತ್ತಿ ಬಿಡಿ. ಮತ್ತೆ ಅಗ್ಗದ ಕೇಬಲ್‌ನಲ್ಲಿ ತಂತಿಯ ಬಣ್ಣ ನಂಬಲೇಬೇಡಿ. ನನ್ನದರಲ್ಲಿ ಕಪ್ಪು ತಂತಿ ಗ್ರೌಂಡ್ ಅಂತ ತಿಳಿದು ಎರಡು ಸಂಜೆ ಹಾಳು ಮಾಡಿಕೊಂಡೆ. ಅದು ಕ್ಲಾಕ್ ಆಗಿತ್ತು. ಮಲ್ಟಿಮೀಟರ್ ಬೀಪ್ ಇಟ್ಟು ಒಂದೊಂದೇ ಪಿನ್ ನೋಡಿಕೊಂಡು ಬೆಸೆಯಿರಿ.

ಹಳೇಬೇರು

ಕಡ್ಡಿ ಅವರು ಹೇಳದೆ ಬಿಟ್ಟದ್ದು ಒಂದಿದೆ. ಮಲ್ಟಿಬೂಟ್‌ನಲ್ಲಿ ಪ್ರೋಗ್ರಾಂ ಹೋಗಿ ಕೂರುವುದು ಕನ್ಸೋಲಿನ ಒಳಗಿನ ಮೆಮೊರಿಯಲ್ಲಿ. ಅದು 256 ಕಿಲೋಬೈಟ್. ನಿಮ್ಮ ಕೋಡ್, ಚಿತ್ರ, ಸದ್ದು ಎಲ್ಲಾ ಅಷ್ಟರಲ್ಲೇ. ಕಾರ್ಟ್ ಆದರೆ 32 ಮೆಗಾಬೈಟ್‌ವರೆಗೆ ಹೋಗಬಹುದು. ಆಫ್ ಮಾಡಿದರೆ ಎಲ್ಲ ಮಾಯ, ಸೇವ್ ಅಂತೂ ಇಲ್ಲ.

ಬೆಸುಗೆಕಡ್ಡಿ

ಹೌದ್ರಿ. ಚೌಕಾಬಾರಕ್ಕ 256 ಸಾಲಲ್ಲ ಅಂದ್ರ ಅದು ಚೌಕಾಬಾರ ಅಲ್ಲ ಬಿಡ್ರಿ.

ಪಿಕ್ಸೆಲ್‌ಪುಟ್ಟ

ಸಾಲಲ್ಲ. ಬಿಲ್ಡ್ ನೋಡಿದೆ, 340 ಕಿಲೋಬೈಟ್ ಇದೆ.

ಕಾರಣ ಕನ್ನಡ. ಆಟದಲ್ಲಿ 40 ಸಾಲು ಪಠ್ಯ ಇದೆ. "ನಿಮ್ಮ ಸರದಿ", "ಕಾಯಿ ಕಡಿಯಿತು", "ಕಟ್ಟೆಯಲ್ಲಿದೆ, ಕಡಿಯುವಂತಿಲ್ಲ", ಈ ಥರ. ಮೊದಲು ಅಕ್ಷರ ಅಕ್ಷರವಾಗಿ ಬರೆಯಲು ನೋಡಿದೆ. ಇಂಗ್ಲಿಷ್‌ಗೆ 8 ಪಿಕ್ಸೆಲ್ ಚೌಕದ ಟೈಲ್ ಒಂದಕ್ಕೆ ಒಂದು ಅಕ್ಷರ ಕೂರುತ್ತೆ. ನಮ್ಮ "ಟ್ಟೆ" ಅದರಲ್ಲಿ ಎಲ್ಲಿ ಕೂರಬೇಕು? ಒತ್ತು ಕೆಳಗೆ ಇಳಿಯುತ್ತೆ, ಏತ್ವ ಮೇಲೆ ಏರುತ್ತೆ. ಕೊನೆಗೆ ಸೋತು ಪ್ರತಿ ಸಾಲನ್ನೂ ಕಂಪ್ಯೂಟರ್‌ನಲ್ಲೇ ಚಿತ್ರ ಮಾಡಿಕೊಂಡು ಹಾಗೇ ತುಂಬಿದೆ. ಕೆಲಸ ಆಗುತ್ತೆ, ಆದರೆ ದಪ್ಪ.

ಕಡಲತೀರ

ಸೋತದ್ದಲ್ಲ ಮಾರಾಯ, ಅದೇ ಸರಿಯಾದ ದಾರಿ. ಜಿಬಿಎ ಒಳಗೆ ಕನ್ನಡ ಜೋಡಿಸುವ ಎಂಜಿನ್ ಬರೆಯಲು ಹೊರಟರೆ ನಿನ್ನ ಚೌಕಾಬಾರ ಮುಂದಿನ ವರ್ಷವೂ ಮುಗಿಯುವುದಿಲ್ಲ. ನಾನು ಅದನ್ನು ಮಾಡಿ ನೋಡಿದ್ದೇನೆ, ಮುಗಿದಿಲ್ಲ.

ಲೆಕ್ಕ ಹಾಕುವ. ಪರದೆ 240 ಪಿಕ್ಸೆಲ್ ಅಗಲ. ಒತ್ತಕ್ಷರ ಕತ್ತರಿಸದ ಹಾಗೆ ಒಂದು ಸಾಲಿಗೆ 24 ಪಿಕ್ಸೆಲ್ ಎತ್ತರ ಇಟ್ಟಿದ್ದೀ ಅಂತ ಇಟ್ಟುಕೊಳ್ಳುತ್ತೇನೆ. ಅಂದರೆ ಅಡ್ಡ 30 ಟೈಲ್, ಉದ್ದ 3, ಒಟ್ಟು 90. 16 ಬಣ್ಣದ ಟೈಲ್ ಒಂದಕ್ಕೆ 32 ಬೈಟ್. ಒಂದು ಸಾಲಿಗೆ 2,880 ಬೈಟ್. 40 ಸಾಲಿಗೆ 1,15,200. ನಿನ್ನ 340ರಲ್ಲಿ ಮೂರರಲ್ಲಿ ಒಂದು ಪಾಲು ಬರೀ ಅಕ್ಷರ.

ಈಗ ಹೇಳು, ಅಕ್ಷರಕ್ಕೆ 16 ಬಣ್ಣ ಯಾಕೆ? ಬಿಳಿ ಮೇಲೆ ಕಪ್ಪು, ಅಷ್ಟೇ ಅಲ್ವಾ? ಒಂದು ಪಿಕ್ಸೆಲ್‌ಗೆ ನಾಲ್ಕು ಬಿಟ್ ಬದಲು ಒಂದೇ ಬಿಟ್ ಇಡು. 28,800 ಬೈಟ್‌ಗೆ ಇಳಿಯಿತು. ಪರದೆಗೆ ಹಾಕುವಾಗ ಮತ್ತೆ ಹಿಗ್ಗಿಸಬೇಕು, ಆದರೆ ಅದಕ್ಕೆ ನೀನು ಕೋಡ್ ಬರೆಯಬೇಕಾಗಿಯೇ ಇಲ್ಲ. ಜಿಬಿಎ ಒಳಗೇ ಇರುವ ಮೂಲ ತಂತ್ರಾಂಶ ಬಯೋಸ್‌ನಲ್ಲೇ ಬಿಟ್‌ಅನ್‌ಪ್ಯಾಕ್ ಅಂತ ಒಂದು ಕರೆ ಇದೆ, ಇದೇ ಕೆಲಸಕ್ಕೆ ಇಟ್ಟದ್ದು. ಉಳಿದ ಚಿತ್ರಗಳಿಗೆ ಅದರಲ್ಲೇ ಎಲ್‌ಝಡ್77 ವಿಧಾನದಲ್ಲಿ ಕುಗ್ಗಿಸಿದ್ದನ್ನು ಬಿಚ್ಚುವ ಕರೆಯೂ ಉಂಟು.

ಚಿತ್ರ ಮಾಡುವಾಗ ಪೈಥಾನ್‌ನ ಪಿಲ್ಲೋ (ಚಿತ್ರದ ಲೈಬ್ರರಿ) ಬಳಸುತ್ತಿದ್ದರೆ ಅಕ್ಷರ ಜೋಡಿಸುವ ರಾಕಂ ಇದೆಯಾ ನೋಡಿಕೋ. ಇಲ್ಲದಿದ್ದರೆ "ಕಟ್ಟೆ" ಹೋಗಿ ಕ, ಟ, ಒಂದು ಬಾಲ, ಮತ್ತೆ ಟೆ ಅಂತ ಬಿಡಿಬಿಡಿಯಾಗಿ ಬರುತ್ತೆ. ಮತ್ತೊಂದು, ನೋಟೋ ಸಾನ್ಸ್ ಕನ್ನಡ ಫಾಂಟನ್ನು 16 ಪಿಕ್ಸೆಲ್‌ಗೆ ಇಳಿಸಿದರೆ ಗಂಜಿಯಾಗುತ್ತದೆ. ಪ ಯಾವುದು, ಷ ಯಾವುದು, ಫ ಯಾವುದು ಅಂತ ಗೊತ್ತೇ ಆಗುವುದಿಲ್ಲ. ಇಳಿಸಿದ ಮೇಲೆ ಕೈಯಿಂದ ಪಿಕ್ಸೆಲ್ ತಿದ್ದು. ನಾನು ಷದ ಹೊಟ್ಟೆಯೊಳಗಿನ ಗೆರೆಗೆ ಯಾವಾಗಲೂ ಒಂದು ಪಿಕ್ಸೆಲ್ ಜಾಸ್ತಿ ಜಾಗ ಬಿಡುತ್ತೇನೆ, ಹೊಟ್ಟೆ ಸ್ವಲ್ಪ ಉಬ್ಬಿದರೂ ಪರವಾಗಿಲ್ಲ.

ಎರಡುಪರದೆ

ಟೊರೊಂಟೊದಿಂದ ಒಂದು ವಿರೋಧದ ದನಿ. ಇಷ್ಟೆಲ್ಲ ಯಾಕೆ? ಒಂದು ಡಿಎಸ್ ಲೈಟ್ ತಗೊಳ್ಳಿ. ಅದರ ಕೆಳಗಿನ ತೂತಿಗೆ ಜಿಬಿಎ ಕಾರ್ಟ್ ಹೋಗುತ್ತೆ, ಮೇಲಿನದಕ್ಕೆ ಡಿಎಸ್ ಕಾರ್ಡ್. ಎರಡು ಪರದೆ, ಎರಡಕ್ಕೂ ಒಳ್ಳೆ ಬೆಳಕು. ಕೆಳಗಿನದು ಟಚ್. ಅಜ್ಜಿ ಬಟನ್ ಹುಡುಕುವ ಬದಲು ಕಾಯಿ ಮೇಲೆ ಕಡ್ಡಿ ಇಟ್ಟರೆ ಸಾಕು. ಅದಕ್ಕೆ ನೀವು ಮೊದಲು ಕೇಳಿದ ಆರ್4 ಕೂಡ ಆಗುತ್ತಿತ್ತು.

ಡಿಎಸ್ ಹೋಂಬ್ರೂಗೆ (ನಾವೇ ಬರೆದ ಪ್ರೋಗ್ರಾಂಗಳಿಗೆ) ಕಾರ್ಡ್ ಆರಿಸುವುದು ಮಾತ್ರ ಬೇರೆ ವಿದ್ಯೆ. ಮೂಲ ಆರ್4 2 ಜಿಬಿವರೆಗಿನ ಮೈಕ್ರೋ ಎಸ್‌ಡಿ ಮಾತ್ರ ಓದುತ್ತಿತ್ತು. ಈಗ ಸಿಗುವುದೆಲ್ಲ ಆ ಹೆಸರು ಹೊತ್ತ ನಕಲುಗಳು. ಕೆಲವು ನಕಲುಗಳ ಒಳಗಿನ ತಂತ್ರಾಂಶಕ್ಕೆ ಗಡುವು ಇದೆ. ಒಂದು ದಿನಾಂಕ ದಾಟಿದರೆ ಮೆನ್ಯು ಕೆಲಸ ನಿಲ್ಲಿಸಿ, ಹೊಸ ಕಾರ್ಡ್ ಕೊಳ್ಳಿ ಅನ್ನೋ ಥರ ಕೂರುತ್ತೆ. ನನ್ನದು ಹೀಗೇ ಆಯಿತು. ಡಿಎಸ್‌ನ ದಿನಾಂಕ ಹಿಂದಕ್ಕೆ ಇಟ್ಟೆ, ಎದ್ದು ಕೂತಿತು. ಆಮೇಲೆ ಕಾರ್ಡ್‌ನಲ್ಲಿದ್ದ ಫೈಲ್‌ಗಳನ್ನೆಲ್ಲ ತೆಗೆದು ಟ್ವೈಲೈಟ್ ಮೆನ್ಯು ಪ್ಲಸ್ ಪ್ಲಸ್ ಹಾಕಿದೆ.

ಇನ್ನೆರಡು ನೋಡಬೇಕು. ಡಿಎಸ್ ಹೋಂಬ್ರೂ ಎಸ್‌ಡಿ ಓದಬೇಕಾದರೆ ಆಯಾ ಕಾರ್ಡ್‌ನ ಡಿಎಲ್‌ಡಿಐ ಡ್ರೈವರ್ ಬೇಕು. ಒಳ್ಳೆ ಕಾರ್ಡ್ ಅದನ್ನು ತಾನೇ ಹಚ್ಚಿಕೊಳ್ಳುತ್ತೆ, ಇಲ್ಲದಿದ್ದರೆ ಪ್ರತಿ ಬಿಲ್ಡ್‌ಗೂ ಕಂಪ್ಯೂಟರ್‌ನಲ್ಲಿ ನೀವೇ ಹಚ್ಚಬೇಕು. ಎರಡನೆಯದು, ಮೆನ್ಯು ಪ್ರೋಗ್ರಾಂ ಶುರು ಮಾಡುವಾಗ ಅದರ ಫೈಲ್ ಎಲ್ಲಿದೆ ಅಂತ ಅದಕ್ಕೇ ಹೇಳಬೇಕು. ಕೆಲವು ಅಗ್ಗದ ಮೆನ್ಯುಗಳು ಹೇಳುವುದಿಲ್ಲ. ಚಿತ್ರ, ಸದ್ದು ಎಲ್ಲ ಪ್ರೋಗ್ರಾಂ ಫೈಲಿನೊಳಗೇ ಕೂರುವ ನೈಟ್ರೋಎಫ್‌ಎಸ್‌ನಲ್ಲಿ ಇಟ್ಟಿದ್ದರೆ ಪ್ರೋಗ್ರಾಂಗೆ ತನ್ನ ಮನೆಯೇ ಸಿಗಲ್ಲ, ಬಿಳಿ ಪರದೆ. ಆಗ ತಪ್ಪು ನಿಮ್ಮ ಕೋಡ್‌ನಲ್ಲಿದೆ ಅಂದುಕೊಂಡು ವಾರಗಟ್ಟಲೆ ತಲೆ ಕೆರೆದುಕೊಳ್ಳುತ್ತೀರಿ. ನಾನು ಕೆರೆದುಕೊಂಡಿದ್ದೇನೆ.

ಡಿಎಸ್‌ಐ (ಡಿಎಸ್‌ನ ಮುಂದಿನ ಮಾದರಿ) ಸಿಕ್ಕರಂತೂ ಕಾರ್ಡೇ ಬೇಡ. ಅನ್‌ಲಾಂಚ್ ಅನ್ನುವ ತಂತ್ರಾಂಶ ಹಾಕಿದರೆ ಅದರ ಎಸ್‌ಡಿ ತೂತಿನಿಂದಲೇ ಎಲ್ಲ ಓಡುತ್ತೆ. ಹಾಕುವ ಮುಂಚೆ ಒಳಗಿನ ನ್ಯಾಂಡ್ ಮೆಮೊರಿ ಪೂರ್ತಿ ಬ್ಯಾಕಪ್ ತಗೊಳ್ಳಿ, ಅದಕ್ಕೆ ಸೋಮಾರಿತನ ಮಾಡಬೇಡಿ. ಆದರೆ ಡಿಎಸ್‌ಐನಲ್ಲಿ ಜಿಬಿಎ ತೂತಿಲ್ಲ, ನೆನಪಿರಲಿ.

ಹಳೇಬೇರು

ಎರಡುಪರದೆ ಹೇಳಿದ್ದು ನಿಜ, ಆದರೆ ಈ ಹುಡುಗ ಜಿಬಿಎಗೆ ನಾಲ್ಕು ತಿಂಗಳು ಬರೆದಿದ್ದಾನೆ. ಡಿಎಸ್‌ಗೆ ಅಂದರೆ ಮತ್ತೆ ಮೊದಲಿಂದ. ಡಿಎಸ್‌ನಲ್ಲಿ ಲಿಂಕ್ ಪೋರ್ಟೂ ಇಲ್ಲ, ಕಡ್ಡಿ ಅವರ ಕೇಬಲ್ ಸತ್ತಂತೆ. ಜಿಬಿಎ ಕಾರ್ಟ್ ಲೈಟ್‌ನಿಂದ ಹಲ್ಲು ಉಬ್ಬಿದ ಹಾಗೆ ಹೊರಗೆ ಚಾಚಿಕೊಂಡಿರುತ್ತೆ. ಟಚ್ ವಿಷಯ ಒಪ್ಪುತ್ತೇನೆ.

ಆರ್4 ಅಂದಾಗ ಒಂದು ಮಾತು. ಈ ಕಾರ್ಡ್‌ಗಳಿಗೆ ಕೆಟ್ಟ ಹೆಸರು ಬಂದದ್ದು ಸುಮ್ಮನೆ ಅಲ್ಲ. 2009ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಜಪಾನಿನಲ್ಲಿ ಇದನ್ನು ಮಾರುವುದಕ್ಕೆ ತಡೆ ಹಾಕಿತು. 2010ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಕೂಡ ಹೀಗೇ ತೀರ್ಪು ಕೊಟ್ಟಿತು. ಸ್ವಂತ ಪ್ರೋಗ್ರಾಂಗೂ ಬಳಸಬಹುದಲ್ಲ ಅನ್ನುವ ವಾದ ಅಲ್ಲಿ ನಿಲ್ಲಲಿಲ್ಲ. ಹೊರದೇಶದ ನೆಂಟರಿಂದ ತರಿಸುವವರು ಆ ದೇಶದಲ್ಲಿ ಏನು ನಿಯಮ ಅಂತ ನೋಡಿಕೊಳ್ಳುವುದು ಒಳ್ಳೆಯದು. ಅಲಿಎಕ್ಸ್‌ಪ್ರೆಸ್ 2020ರಿಂದ ಇಲ್ಲಿ ಬಂದ್ ಆದ ಮೇಲೆ ತುಂಬಾ ಜನ ನೆಂಟರನ್ನೇ ಹಿಡಿಯುತ್ತಿದ್ದಾರೆ.

ಪಿಕ್ಸೆಲ್‌ಪುಟ್ಟ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಕಡಲತೀರ ಅಕ್ಕ ಹೇಳಿದ ಹಾಗೆ ಪಠ್ಯವನ್ನೆಲ್ಲ ಒಂದು ಬಿಟ್‌ಗೆ ಇಳಿಸಿದೆ. ಹಿನ್ನೆಲೆ ಸಂಗೀತ ತೆಗೆದುಹಾಕಿದೆ, ಅದು ಚೆನ್ನಾಗೂ ಇರಲಿಲ್ಲ. ಈಗ 231 ಕಿಲೋಬೈಟ್. ಪಿಕೊ ಕೇಬಲ್ ಮಾಡಿಕೊಂಡೆ. ನನ್ನ ಕೇಬಲ್‌ನಲ್ಲಿ ಕೆಂಪು ತಂತಿ ಎಲ್ಲಿಗೂ ಹೋಗಿಯೇ ಇರಲಿಲ್ಲ!

ಮೊದಲ ಸಲ ಎಸ್‌ಪಿ ಪರದೆ ಮೇಲೆ "ನಿಮ್ಮ ಸರದಿ" ಅಂತ ಬಂದಾಗ ರಾತ್ರಿ ಒಂದೂವರೆ. ಮನೆಯವರೆಲ್ಲ ಮಲಗಿದ್ದರು, ತೋರಿಸೋಕೂ ಯಾರೂ ಇರಲಿಲ್ಲ.

ಆದರೆ ಲ್ಯಾಪ್‌ಟಾಪ್‌ನಲ್ಲಿ ಕಾಣದ್ದು ಇಲ್ಲಿ ಕಂಡಿತು. ಕಂದು ಹಲಗೆ ಮೇಲೆ ಕೆಂಪು ಕಾಯಿ, ಹಸಿರು ಕಾಯಿ ಇಟ್ಟಿದ್ದೆ. 001ರ ಮಂಕು ಪರದೆಯಲ್ಲಿ ಮೂರೂ ಒಂದೇ ಮಣ್ಣಿನ ಬಣ್ಣ. ಎಲ್ಲ ಬಣ್ಣವನ್ನೂ ತಿಳಿ ಮಾಡಬೇಕಾಯಿತು. ಕಾಯಿಗಳ ಸುತ್ತ ಕಪ್ಪು ಅಂಚು ಕೊಟ್ಟೆ. ಅಕ್ಷರವೂ ಚಿಕ್ಕದೇ ಅನ್ನಿಸುತ್ತಿದೆ. ಪರದೆ 2.9 ಇಂಚು, ಅಜ್ಜಿಯ ಕನ್ನಡಕ ದಪ್ಪ.

ಈಗ ಅಜ್ಜಿಗೆ ಕೊಡಲು ಕಾರ್ಟ್ ಬೇಕೇ ಬೇಕು. ಕೇಬಲ್ ಹಿಡಿದು ನಂಜನಗೂಡಿಗೆ ದಿನಾ ಹೋಗೋಕಾಗುತ್ತಾ? ಮೆನ್ಯು ಬರಬಾರದು. ಹಾಗಾದರೆ ಯಾವುದು?

ಹಳೇಬೇರು

ಹಾಗಾದರೆ ಒಂದೇ ಆಟದ ಕಾರ್ಟ್. ಮತ್ತೆ ಮತ್ತೆ ಬರೆಯಬಹುದಾದ ಖಾಲಿ ಕಾರ್ಟ್‌ಗಳು ಸಿಗುತ್ತವೆ. ಅದಕ್ಕೆ ಬರೆಯಲು ಒಂದು ಯುಎಸ್‌ಬಿ ಸಾಧನ ಬೇಕು. ಆಸ್ಟ್ರೇಲಿಯಾದ ಇನ್‌ಸೈಡ್‌ಗ್ಯಾಜೆಟ್ಸ್‌ನವರ ಜಿಬಿಎಕ್ಸ್‌ಕಾರ್ಟ್ ಆರ್‌ಡಬ್ಲ್ಯು ನನ್ನ ಹತ್ತಿರ ಇದೆ. ಜೊತೆಗೆ ಫ್ಲ್ಯಾಶ್‌ಜಿಬಿಎಕ್ಸ್ ಅನ್ನುವ ಉಚಿತ ತಂತ್ರಾಂಶ. ಬರೆದು ಮುಗಿಸಿದರೆ ಅದು ಅಂಗಡಿ ಕಾರ್ಟ್ ಥರವೇ. ಆನ್ ಮಾಡಿದರೆ ಲೋಗೋ, ಆಮೇಲೆ ನೇರ ನಿಮ್ಮ ಆಟ. ಎಸ್‌ಡಿ ಕಾರ್ಡ್ ಇಲ್ಲ, ಮೆನ್ಯು ಇಲ್ಲ. ಕೊಳ್ಳುವಾಗ ಆಟ ಉಳಿಸಿಡುವ ಮೆಮೊರಿ, ಅಂದರೆ ಎಸ್‌ರ್ಯಾಮ್ ಸೇವ್ ಇರುವ ಬೋರ್ಡ್ ಕೇಳಿ.

ಹತ್ತು ಥರ ಹೋಂಬ್ರೂ ಆಡಿ ನೋಡುವವರಿಗೆ ಒಮೆಗಾ ಅಥವಾ ಎವರ್‌ಡ್ರೈವ್ ಸರಿ. ಒಂದೇ ಆಟವನ್ನು ಒಬ್ಬರ ಕೈಗೆ ಕೊಡಬೇಕಾದವರಿಗೆ ಇದು.

ಎರಡುಪರದೆ

ಮೆನ್ಯು ಇರುವ ಕಾರ್ಟ್ ತಗೊಳ್ಳುವ ಬೇರೆ ಯಾರಾದರೂ ಓದುತ್ತಿದ್ದರೆ: ಎಸ್‌ಡಿ ಕಾರ್ಡ್ 8 ಅಥವಾ 16 ಜಿಬಿ ಧಾರಾಳ. ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ. ಮೊದಲು ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಓಡಿಸಿ, ಕಾರ್ಡ್ ಅಸಲಿಯೋ ನಕಲಿಯೋ ಅಂತ ನೋಡಿ. ಆನ್‌ಲೈನ್‌ನಲ್ಲಿ ತರಿಸಿದ ಒಂದು 64 ಜಿಬಿ ಕಾರ್ಡ್ ನನ್ನಲ್ಲಿದೆ, ಮೇಲಿನ ಅಕ್ಷರ ಬಹಳ ಚೆಂದ, ಒಳಗೆ ನಿಜಕ್ಕೂ ಇರುವುದು 8. ಅಷ್ಟು ತುಂಬುವವರೆಗೆ ಎಲ್ಲ ಸರಿ. ಆಮೇಲೆ ಬರೆದದ್ದು ಗಾಳಿಗೆ. ಬೈದದ್ದು ಮಾತ್ರ ಕಾರ್ಟ್‌ಗೆ.

ಪಿಕ್ಸೆಲ್‌ಪುಟ್ಟ

ಕಾರ್ಟ್ ಬಂತು. ಬರೆಯುವ ಸಾಧನವನ್ನು ಹಳೇಬೇರು ಸಾರ್ ಕೊರಿಯರ್‌ನಲ್ಲಿ ಕಳಿಸಿಕೊಟ್ಟರು, ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ಆದರೆ ಎರಡು ಪೆಟ್ಟು ತಿಂದೆ.

ಒಂದು. ಬರೆದೆ, ಆನ್ ಮಾಡಿದೆ, ಲೋಗೋ ಬಂತು, ಅಲ್ಲೇ ನಿಂತಿತು. ಮುಂದಕ್ಕೆ ಹೋಗಲೇ ಇಲ್ಲ. ಇದೇ ಫೈಲ್ ಎಂಜಿಬಿಎಯಲ್ಲಿ ಓಡುತ್ತಿದೆ.

ಎರಡು. ಬೇರೆ ಬಿಲ್ಡ್ ಹಾಕಿದಾಗ ಓಡಿತು, ಆದರೆ ಸೇವ್ ಮಾಡಿ ಆಫ್ ಮಾಡಿ ಆನ್ ಮಾಡಿದರೆ ಕಾಯಿಗಳೆಲ್ಲ ಒಂದೇ ಮನೆಯಲ್ಲಿ ರಾಶಿ ಬಿದ್ದಿರುತ್ತವೆ.

ಬೆಸುಗೆಕಡ್ಡಿ

ಒಂದನೇದು: ನಿಂತ ಫೈಲ್‌ನ ಹೆಸರು ಬದಲಿಸೋಕೆ ಫೈಲ್‌ನ ಬೈಟ್‌ಗಳನ್ನೇ ತಿದ್ದೋ ಹೆಕ್ಸ್ ಎಡಿಟರ್‌ನಲ್ಲಿ ಕೈ ಹಾಕಿದ್ರೇನು?

ಪಿಕ್ಸೆಲ್‌ಪುಟ್ಟ

ಹೌದು!! ಆಟದ ಹೆಸರು ತಪ್ಪಾಗಿತ್ತು, ಅಲ್ಲೇ ತಿದ್ದಿದೆ. ನಿಮಗೆ ಹೇಗೆ ಗೊತ್ತಾಯ್ತು?

ಬೆಸುಗೆಕಡ್ಡಿ

ನಾನೂ ಮಾಡೀನಿ, ಅದಕ್ಕ. ಫೈಲ್‌ನ ಆರಂಭದ ಹೆಡರ್‌ನಲ್ಲಿ ಹೆಸರಿನ ಜೊತೆ ಒಂದು ಬೈಟ್ ಚೆಕ್‌ಸಮ್ (ತಾಳೆ ಸಂಖ್ಯೆ) ಇರುತ್ತೆ. ಅದು ತಾಳೆ ಆಗದಿದ್ದರೆ ಕನ್ಸೋಲಿನ ಬಯೋಸ್ ಮುಂದೆ ಬಿಡಲ್ಲ. ಎಮ್ಯುಲೇಟರ್ ಅಷ್ಟು ಕಟ್ಟುನಿಟ್ಟಲ್ಲ. ಅದನ್ನು ಸರಿಪಡಿಸೋ ಜಿಬಿಎಫಿಕ್ಸ್ ಒಂದು ಸಲ ಓಡಿಸಿ, ಸರಿ ಹೋಗುತ್ತೆ. ಬಿಲ್ಡ್ ಮಾಡುವಾಗ ಅದು ತಾನೇ ಓಡಿರುತ್ತೆ, ಆಮೇಲೆ ನೀವು ಕೈ ಹಾಕಿದ್ದಕ್ಕೆ ಕೆಟ್ಟಿತು.

ಹಳೇಬೇರು

ಎರಡನೆಯದು: ಸೇವ್ ಬರೆಯುವ ಭಾಗ ಬ್ಯುಟಾನೋದ್ದಾ, ನಿಮ್ಮದಾ? ನಿಮ್ಮದೇ ಆದರೆ ಡೇಟಾ ನಕಲಿಸುವ ಮೆಮ್‌ಕಾಪಿ ಬಳಸಿರುತ್ತೀರಿ. ಕಾರ್ಟ್‌ನ ಎಸ್‌ರ್ಯಾಮ್‌ಗೆ ಇರುವುದು 8 ಬಿಟ್‌ನ ದಾರಿ. ಒಂದೊಂದೇ ಬೈಟ್ ಹೋಗಬೇಕು. ಮೆಮ್‌ಕಾಪಿ ಬೇಗ ಮುಗಿಸಲು ನಾಲ್ಕು ನಾಲ್ಕು ಬೈಟ್ ಒಟ್ಟಿಗೆ ತಳ್ಳುತ್ತೆ, ಅದರಲ್ಲಿ ಒಂದೇ ದಾಟುತ್ತೆ. ಅದಕ್ಕೇ ನಿಮ್ಮ ಕಾಯಿಗಳು ರಾಶಿ.

ಪಿಕ್ಸೆಲ್‌ಪುಟ್ಟ

ಮೆಮ್‌ಕಾಪಿಯೇ. ಬೈಟ್ ಬೈಟ್ ಮಾಡಿದೆ, ಸರಿಯಾಯಿತು. ನಾಳೆ ನಂಜನಗೂಡು.

ಪಿಕ್ಸೆಲ್‌ಪುಟ್ಟ

ಹೋಗಿ ಬಂದೆ.

ಅಜ್ಜಿಗೆ ಆನ್ ಮಾಡುವುದು, ಎ ಒತ್ತಿ ಕವಡೆ ಹಾಕುವುದು, ಬಾಣದ ಗುಂಡಿಯಲ್ಲಿ ಕಾಯಿ ಆರಿಸುವುದು, ಐದು ನಿಮಿಷದಲ್ಲಿ ಬಂತು. ಕಡಲತೀರ ಅಕ್ಕ, ಪಠ್ಯ ಓದಲೇ ಇಲ್ಲ ಅವರು. ಕವಡೆಯ ಚಿತ್ರ ನೋಡಿ ತಾವೇ ಎಣಿಸಿಕೊಂಡರು. ಅಷ್ಟು ಒದ್ದಾಡಿದ 40 ಸಾಲು!

ಎರಡು ಆಟ ಆದ ಮೇಲೆ ಎಸ್‌ಪಿ ಮಡಿಚಿ ನನ್ನ ಕೈಗೆ ಕೊಟ್ಟರು. "ಇದು ಮೋಸದ ಕವಡೆ ಕಣೋ" ಅಂದರು. ಯಾಕಜ್ಜಿ ಅಂದೆ. "ಆಗಲೂ ಮೊದಲು ಮೂರು ಬಿತ್ತು, ಆಮೇಲೆ ಬಾರ ಬಿತ್ತು. ಈಗಲೂ ಮೂರು, ಬಾರ. ಅದೂ ಅಲ್ಲದೆ ಇಷ್ಟೊಂದು ಸಲ ಬಾರ ಬೀಳುತ್ತಾ ಎಲ್ಲಾದರೂ? ಗರ ಹಾಕಿ ಹಾಕಿ ಕೈ ನೋವು ಬಂತು, ಆಟ ಮುಗಿಯೋದೇ ಇಲ್ಲ."

ನಾನು ನಾಲ್ಕು ತಿಂಗಳಲ್ಲಿ ನೂರಾರು ಸಲ ಆಡಿದ್ದೇನೆ. ನನಗೆ ಗೊತ್ತೇ ಆಗಿರಲಿಲ್ಲ.

ಕಡಲತೀರ

ಅಜ್ಜಿಯನ್ನು ಟೆಸ್ಟಿಂಗ್ ಕೆಲಸಕ್ಕೆ ಸೇರಿಸುವ.

ಮೊದಲನೆಯದು ಸುಲಭ. ಬ್ಯುಟಾನೋ ಲೈಬ್ರರಿಯ ರ‍್ಯಾಂಡಮ್ ಪ್ರತಿ ಸಲ ಒಂದೇ ಬೀಜದಿಂದ (ಆರಂಭದ ಸಂಖ್ಯೆಯಿಂದ) ಶುರುವಾಗುತ್ತೆ. ಆನ್ ಮಾಡಿದಾಗೆಲ್ಲ ಅದೇ ಸಾಲು. ಶೀರ್ಷಿಕೆ ಪರದೆಯಲ್ಲಿ ಇರುವಾಗಲೇ ಪ್ರತಿ ಫ್ರೇಮ್‌ಗೂ ಅದರ ಅಪ್‌ಡೇಟ್ ಕರೆದುಬಿಡು. ಸೆಕೆಂಡಿಗೆ ಹತ್ತಿರ ಹತ್ತಿರ 60 ಫ್ರೇಮ್. ಅಜ್ಜಿ ಎಷ್ಟು ಹೊತ್ತಿಗೆ ಸ್ಟಾರ್ಟ್ ಒತ್ತುತ್ತಾರೋ ಅದರ ಮೇಲೆ ಕವಡೆ ಬದಲಾಗುತ್ತೆ.

ಎರಡನೆಯದಕ್ಕೆ ನಿನ್ನ ಕೋಡ್ ತೋರಿಸು. 1, 2, 3, 4, 8, ಈ ಐದರಲ್ಲಿ ಒಂದನ್ನು ಆರಿಸುತ್ತಿದ್ದೀಯಾ?

ಪಿಕ್ಸೆಲ್‌ಪುಟ್ಟ

ಹೌದು... ಐದರಲ್ಲಿ ಒಂದು.

ಕಡಲತೀರ

ಅದೇ. ಐದರಲ್ಲಿ ಒಂದು ಸಲ ಬಾರ (8), ಐದರಲ್ಲಿ ಒಂದು ಸಲ ಚೌಕ (4). ಎರಡಕ್ಕೂ ಮತ್ತೆ ಗರ. ಕೈ ನೋಯದೆ ಇರುತ್ತದಾ?

ನಾಲ್ಕು ಕವಡೆಯನ್ನು ನಾಲ್ಕು ಬಿಟ್ ಅಂತ ತಿಳಿದುಕೋ. 0ಯಿಂದ 15ರ ಒಳಗೆ ಒಂದು ಸಂಖ್ಯೆ ತಗೊಂಡು ಅದರಲ್ಲಿ ಎಷ್ಟು ಬಿಟ್ ಅಂಗಾತ ಬಿದ್ದಿದೆ ಎಣಿಸು. ಒಂದೂ ಇಲ್ಲದಿದ್ದರೆ 8. ಆಗ 16ರಲ್ಲಿ 6 ಸಲ ಎರಡು, ನಾಲ್ಕು ನಾಲ್ಕು ಸಲ ಒಂದು ಮತ್ತು ಮೂರು, ಚೌಕಕ್ಕೆ ಒಂದು, ಬಾರಕ್ಕೆ ಒಂದು.

ಹಳೇಬೇರು

ನಿಜವಾದ ಕವಡೆ ಅಂಗಾತ ಬೀಳುವುದು, ಮಗುಚಿ ಬೀಳುವುದು ಸಮ ಇರುವುದಿಲ್ಲ, ಗೊತ್ತಲ್ವಾ? ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಒಂದೊಂದು ಜೊತೆ ಒಂದೊಂದು ಥರ.

ಪಿಕ್ಸೆಲ್‌ಪುಟ್ಟ

ಅಜ್ಜಿಗೆ ಫೋನ್ ಮಾಡಿ ಹೇಳಿದೆ. "ನನ್ನ ಡಬ್ಬಿಯಲ್ಲಿರೋ ನಾಲ್ಕು ಕವಡೆ ತಗೊಂಡು ಹೋಗಿ ಎಣಿಸ್ಕೋ, ಆದರೆ ವಾಪಸ್ ತಂದುಕೊಡು" ಅಂದರು. ಭಾನುವಾರ ಹೋಗುತ್ತಿದ್ದೇನೆ. ಪಿಕೊ, ಕೇಬಲ್ ಎರಡನ್ನೂ ಚೀಲಕ್ಕೆ ಹಾಕಿಕೊಂಡಿದ್ದೇನೆ.